ವಲ್ಲಿಯ ಅಂಚಿನಲ್ಲಿ ಕೊಟ್ಟ ಬಂದೂಕು

ಮೊನ್ನೆ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುವಾಗ ಬಾಟಲಿ ಕೈಜಾರಿತು. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಕೈಯ ವಾಸನೆ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗಲೂ ಅದೇ. ರೊಟ್ಟಿ ಮುರಿಯಲು ಮನಸ್ಸಾಗದೆ ತಾಟು ಸರಿಸಿ ಎದ್ದುಬಿಟ್ಟೆ. ಬಂದೂಕು ಒರೆಸಿ ಬಂದಾಗ ದೊಡ್ಡಪ್ಪನ ಕೈ ಹೀಗೇ ನಾರುತ್ತಿತ್ತು...

ದೊಡ್ಡಪ್ಪ ನನ್ನ ಅಪ್ಪನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಓದಿಸಿ, ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಮದುವೆ ಮಾಡಿಕೊಟ್ಟವನು. ಅವನಿಗೆ ಮಕ್ಕಳಿರಲಿಲ್ಲ, ದೊಡ್ಡಮ್ಮ ಬೇಗನೇ ಹೋಗಿದ್ದಳು. ಕುಷ್ಟಗಿ ತಾಲ್ಲೂಕಿನ ನಮ್ಮೂರಿನಲ್ಲಿ ಅವನ ಹೊಲ ಗುಡ್ಡದ ಬುಡಕ್ಕೇ ಇತ್ತು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿದು ಬರುತ್ತಿದ್ದವು. ಅದಕ್ಕೆಂದೇ ಬೆಳೆ ಕಾಯುವ ಲೈಸನ್ಸಿನ ಮೇಲೆ ಒಂದು ನಳಿಗೆಯ ಬಂದೂಕು ಇಟ್ಟುಕೊಂಡಿದ್ದ. ಅವನು ಹಂದಿ ಹೊಡೆದದ್ದನ್ನು ನಾನು ಕಂಡಿಲ್ಲ. ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದ, ಅವು ಓಡುತ್ತಿದ್ದವು, ಅಷ್ಟೇ.

ಚುನಾವಣೆ ಬಂತೆಂದರೆ ಲೈಸನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ದೊಡ್ಡಪ್ಪ ಒಮ್ಮೆಯೂ ತಪ್ಪಿಸಿದವನಲ್ಲ. ಬಂದೂಕನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದ.

“ಕಾಕಾ, ಕೂಸಿಗೆ ಅರ್ಧ ಟಿಕೇಟ್ ಹರೀಲೇನ್ರಿ?” ಎಂದು ಕಂಡಕ್ಟರು ಕಿಚಾಯಿಸುತ್ತಿದ್ದ.

“ಈ ಕೂಸು ಅತ್ತರ ನೀ ಬಸ್ ಬಿಟ್ಟು ಓಡ್ತಿ. ಸುಮ್ಮನ ಮುಂದ ಹೋಗಪಾ.”

ಕಣ್ಣಿಗೆ ಪೊರೆ ಬಂದ ಮೇಲೆ ದೊಡ್ಡಪ್ಪನಿಗೆ ಹೊಲ ಆಗಲಿಲ್ಲ. ತೀರಿಹೋಗಿದ್ದ ಚಿಕ್ಕಪ್ಪನ ಮಗನಿಗೆ ಉಳುಮೆಗೆ ಬಿಟ್ಟುಕೊಟ್ಟ. ಅವನು ನನಗಿಂತ ದೊಡ್ಡವನು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಹೊಲದ ಜೊತೆಗೆ ಎತ್ತುಗಳೂ ಅವನಿಗೇ ಹೋದವು.

ದೊಡ್ಡಪ್ಪ ತಪ್ಪಿದ್ದು ಇಲ್ಲಿ. ನಮ್ಮ ಕಡೆ ಎತ್ತು ಕೊಡುವಾಗ ಹಗ್ಗವನ್ನು ಬರಿಗೈಯಿಂದ ಕೊಡುವುದಿಲ್ಲ. ಹೆಗಲ ಮೇಲಿನ ವಲ್ಲಿಯ ಅಂಚಿನಲ್ಲಿ ಹಿಡಿದು ದಾಟಿಸುತ್ತಾರೆ, ತೆಗೆದುಕೊಳ್ಳುವವನೂ ತನ್ನ ವಲ್ಲಿ ಒಡ್ಡುತ್ತಾನೆ. ಇಬ್ಬರು ಹಿರಿಯರು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಾರೆ. ಆಮೇಲೆ ಆ ಎತ್ತು ಹಾಯಲಿ, ಒದೆಯಲಿ, ತೆಗೆದುಕೊಂಡವನದು. ದೊಡ್ಡಪ್ಪನ ತಿಳಿವಳಿಕೆಯಲ್ಲಿ ಬಂದೂಕೂ ಎತ್ತಿನ ಹಾಗೆ ಹೊಲಕ್ಕೆ ಸೇರಿದ್ದು. ಸರ್ಕಾರ ಅದನ್ನು ಕೊಟ್ಟದ್ದೇ ಬೆಳೆ ಕಾಯಲು. ಬೆಳೆ ಯಾರದೋ ಬಂದೂಕು ಅವರದು. ಎತ್ತಿನ ಹಗ್ಗ ದಾಟಿಸಿದ ದಿನವೇ, ನಮ್ಮ ಮನೆಯ ಕಟ್ಟೆಯ ಮೇಲೆ, ಅದೇ ಇಬ್ಬರು ಹಿರಿಯರ ಮುಂದೆ ಬಂದೂಕನ್ನೂ ವಲ್ಲಿಯ ಅಂಚಿನಲ್ಲಿ ಹಿಡಿದು ಕೊಟ್ಟ. ತವರಿಗೆ ಬಂದಿದ್ದ ನಾನು ಚಹಾ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

“ಇನ್ನ ಇದು ನಿಂದಪಾ. ಹಂದಿಗೆ ಅಂಜಸು. ಮಂದಿಗಲ್ಲ,” ಎಂದ ದೊಡ್ಡಪ್ಪ.

ಅಣ್ಣ ಅಂಜಿಸಿದ್ದು ಮಂದಿಯನ್ನೇ. ಗೆಳೆಯನ ಮದುವೆಯ ಮೆರವಣಿಗೆಯಲ್ಲಿ ಡಿಜೆ ಮುಂದೆ ನಿಂತು ಆಕಾಶಕ್ಕೆ ಹಾರಿಸಿದ. “ಹುಲಿ, ಹುಲಿ” ಎಂದು ಕೂಗಿದರು. ಮೊಬೈಲಿನಲ್ಲಿ ಹಿಡಿದುಕೊಂಡರು. ಆ ಹಿರಿಯರಲ್ಲಿ ಒಬ್ಬರು ಮುಂದಿನ ಸಾಲಿನಲ್ಲೇ ಚಪ್ಪಾಳೆ ತಟ್ಟುತ್ತಿದ್ದರಂತೆ.

ಅಷ್ಟರಲ್ಲಿ ಚುನಾವಣೆ ಬಂತು. ಲೈಸನ್ಸು ಇನ್ನೂ ದೊಡ್ಡಪ್ಪನ ಹೆಸರಿನಲ್ಲೇ ಇದ್ದುದರಿಂದ ಕರೆ ಅವನಿಗೇ ಬಂತು. ಕಣ್ಣು ಕಾಣದವನನ್ನು ನಾನೇ ಠಾಣೆಗೆ ಕರೆದುಕೊಂಡು ಹೋದೆ.

“ಎಲ್ಲಿ ಐತ್ರಿ ಯಜಮಾನ್ರ ನಿಮ್ಮ ಬಂದೂಕು?” ಎಂದರು ಸಾಹೇಬರು.

“ನಮ್ಮ ಹುಡುಗಗ ಕೊಟ್ಟೀನ್ರಿ. ಹಿರ್ಯಾರ ಮುಂದ, ವಲ್ಲಿ ಹಿಡದು.”

“ವಲ್ಲಿ ಇರಲ್ರಿ, ಆತನ ಹತ್ರ ಲೈಸನ್ಸ್ ಐತೇನು?”

ದೊಡ್ಡಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಸಾಹೇಬರು ಗದರಲಿಲ್ಲ. “ಇದನ್ನ ತಮ್ಮಗೂ ಕೊಡಂಗಿಲ್ಲ, ಮಗಗೂ ಕೊಡಂಗಿಲ್ರಿ. ನಿಮಗ ವಯಸ್ಸಾಗಿತ್ತಂದ್ರ ಕೊಪ್ಪಳಕ್ಕ ಹೋಗಿ ಡಿಸಿ ಆಫೀಸಿನ್ಯಾಗ ಅರ್ಜಿ ಹಾಕಬೇಕಿತ್ತು. ಆತನ ಹೆಸರಿಗೆ ಲೈಸನ್ಸ್ ಬಂದ ಮ್ಯಾಲೆ ಬಂದೂಕು ಕೈ ದಾಟಬೇಕು. ಹೋಗ್ಲಿ, ಈಗರ ತಂದು ಒಪ್ಪಸ್ರಿ. ತರದಿದ್ರ ನಿಮ್ಮ ಮ್ಯಾಲೆ ಕೇಸ್ ಆಗತೈತಿ,” ಎಂದರು.

ಅದೇ ಸಂಜೆ ಅಣ್ಣನನ್ನೂ ಹಿರಿಯರನ್ನೂ ಕರೆಸಿದೆವು. ಲೈಸನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ ಜೈಲು ಎಂಬುದು ಅಷ್ಟು ಹೊತ್ತಿಗೆ ಅವನ ಕಿವಿಗೆ ಬಿದ್ದಿತ್ತು.

“ಯಾವ ಬಂದೂಕು ದೊಡ್ಡಪ್ಪಾ?” ಎಂದ. “ಹೊಲ ಕೊಟ್ಟಿ, ಎತ್ತು ಕೊಟ್ಟಿ. ಬಂದೂಕು ಯಾವಾಗ ಕೊಟ್ಟಿ?”

ದೊಡ್ಡಪ್ಪ ಹಿರಿಯರಿದ್ದ ಕಡೆ ಮುಖ ತಿರುಗಿಸಿದ. ಒಬ್ಬರು ಕೆಮ್ಮಿದರು. ಇನ್ನೊಬ್ಬರು, “ಎತ್ತು ದಾಟಿದ್ದು ನೋಡೀವಪಾ. ಬಾಕಿದು ನಮಗ ಗೊತ್ತಿಲ್ಲ,” ಎಂದರು.

“ನಾ ನೋಡೀನಿ,” ಎಂದೆ.

“ಸಾಕಿದ ಮಗಳು. ಅಕಿ ಇನ್ನೇನ ಹೇಳ್ತಾಳ?” ಎಂದ ಅಣ್ಣ. ಮೂವರೂ ನಕ್ಕರು.

ಆ ನಗು... ನನಗೆ ಇಂದಿಗೂ ಹೇಸಿಗೆ ಬರುವುದು ಸುಳ್ಳಿಗಲ್ಲ, ಆ ನಗುವಿಗೆ. ಅಂಜಿದವನು ಸುಳ್ಳು ಹೇಳಬಹುದು, ಅದನ್ನು ಹೇಗೋ ನುಂಗಿಕೊಳ್ಳಬಹುದು. ಇವರು ನಮ್ಮ ಕಟ್ಟೆಯ ಮೇಲೆ ಕುಳಿತು, ನಮ್ಮ ತಬಕಿನ ಎಲೆ ಅಡಿಕೆ ಮೆದ್ದು, ನಮ್ಮ ಗೋಡೆಗೇ ಉಗುಳಿ ಎದ್ದು ಹೋದರು. ಹುಲಿ ಎಂದು ಕೂಗಿದವರ ಮೊಬೈಲುಗಳಿಂದ ಆ ಮೆರವಣಿಗೆಯೂ ಅಳಿಸಿಹೋಗಿತ್ತು. ನಾನು ಕಂಡದ್ದನ್ನು ಠಾಣೆಯಲ್ಲಿ ಹೇಳಿದೆ. ಪೊಲೀಸರು ಅಣ್ಣನ ಮನೆ ಹುಡುಕಿದರು. ಏನೂ ಸಿಗಲಿಲ್ಲ. ಕೇಸು ದೊಡ್ಡಪ್ಪನ ಮೇಲೆ ಬಿತ್ತು.

ಅಲ್ಲಿಂದ ಕೋರ್ಟಿನ ಓಡಾಟ. ಜೈಲಿನ ಮಾತನ್ನು ಅವನು ಎತ್ತಿದ್ದೇ ಇಲ್ಲ. ಪ್ರತಿ ಸಲ ಹೊರಗೆ ಬಂದು ಕಟ್ಟೆಗೆ ಕೂತ ಮೇಲೆ ಒಂದೇ ಮಾತು ಕೇಳುತ್ತಿದ್ದ.

“ನಾ ಖರೇ ಹೇಳೀನಂತ ಬರಕೊಂಡ್ರೇನವಾ?”

“ಇನ್ನೂ ಇಲ್ಲ ದೊಡ್ಡಪ್ಪಾ. ಬರಕೋತಾರ.”

ಬರೆದುಕೊಳ್ಳುವ ದಿನ ಬರುವ ಮೊದಲೇ ಹೋಗಿಬಿಟ್ಟ. ಹೆಣದ ಮುಂದೆ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವನು ಅಣ್ಣ. ಹೆಗಲು ಕೊಡಲು ಬಂದಾಗ ಬಾಯಿಂದ ಗುಟ್ಕಾದ ನಾತ ಹೊಡೆಯುತ್ತಿತ್ತು. ನಾನು ಮುಖ ತಿರುಗಿಸಿಕೊಂಡೆ.

ದಿನಕರ್ಮ ಮುಗಿದು ಸ್ವಲ್ಪ ದಿನಕ್ಕೆ ಅವನು ಭಾಗ್ಯನಗರದ ನಮ್ಮ ಮನೆಗೆ ಬಂದ. ಕೈಯಲ್ಲಿ ಪೇಢೆಯ ಡಬ್ಬಿ.

“ತಂಗಿ, ಬಂದೂಕು ಸಿಕ್ಕೈತಿ ನೋಡು! ದೊಡ್ಡಪ್ಪನ ಹಿತ್ತಲ ಬಣವ್ಯಾಗ. ತಾನ ಇಟ್ಟು ಮರತಾನ, ಪಾಪ. ಕಡೀಕ ಅವಗ ತಲಿ ನೆಟ್ಟಗ ಇದ್ದಿಲ್ಲಲ್ಲ... ಠಾಣೇಕ್ಕ ಒಪ್ಪಿಸಿ ಬಂದೀನಿ. ಈಗ ವಾರಸದಾರಂತ ನನ್ನ ಹೆಸರಿಗೆ ಮಾಡಿಸ್ಕೊಳಾಕ ಅರ್ಜಿ ಹಾಕೀನಿ. ಇನ್ನೊಬ್ಬ ವಾರಸದಾರಳು ನೀನ. ತಕರಾರಿಲ್ಲಂತ ಒಂದು ಸಹಿ ಹಾಕಿಬಿಡು. ಕಾಯದೆ ಪ್ರಕಾರ ಮಾಡೂಣು.”

ಕಾಯದೆ! ಆ ಮಾತು ಆ ಬಾಯಿಂದ. ನಿಜ ಹೇಳಿದವನನ್ನು ಮೊದಲು ಸುಳ್ಳುಗಾರ ಮಾಡಿದ. ಸತ್ತ ಮೇಲೆ ಹುಚ್ಚನನ್ನೂ ಮಾಡಿದ. ಅವನ ಜೊತೆ ಜಗಳ ಆಡಲೂ ನನಗೆ ಮನಸ್ಸಾಗಲಿಲ್ಲ. ಡಬ್ಬಿಯನ್ನು ಅವನ ಕೈಗೇ ಕೊಟ್ಟು, “ಹೋಗಿ ಬಾ,” ಎಂದೆ. ಅಣ್ಣ ಎಂದು ಕರೆಯಲು ನಾಲಿಗೆ ಹೊರಳಲಿಲ್ಲ.

ಮರುದಿನ ಡಿಸಿ ಕಚೇರಿಗೆ ಹೋಗಿ ನನ್ನ ತಕರಾರಿದೆ ಎಂದೆ. ಕಾರಣ ಬರೆದುಕೊಡಿ ಎಂದರು. “ನಮ್ಮ ದೊಡ್ಡಪ್ಪ ಈ ಬಂದೂಕನ್ನು ಇವನಿಗೆ ಕೊಟ್ಟಿದ್ದ. ತಾನು ಇಸಕೊಂಡೇ ಇಲ್ಲವೆಂದು ಇವನೇ ಹೇಳಿದ್ದಾನೆ,” ಎಂದು ಬರೆದು ಸಹಿ ಹಾಕಿ ಬಂದೆ.

ಬಂದೂಕು ಈಗಲೂ ಠಾಣೆಯಲ್ಲೇ ಇದೆ. ಅವನು ಎದುರು ಸಿಕ್ಕರೆ ನಾನು ರಸ್ತೆ ದಾಟುತ್ತೇನೆ. ಕೇಸು ಮುಗಿದಿದೆ, ಆರೋಪಿ ಸತ್ತರೆ ಕೇಸು ಅಲ್ಲಿಗೇ ನಿಲ್ಲುತ್ತದಂತೆ. ಕೋರ್ಟಿನ ಹಾಳೆಯನ್ನು ವಕೀಲರಿಂದ ತರಿಸಿ ಒಂದಕ್ಷರ ಬಿಡದೆ ಓದಿದೆ. ದೊಡ್ಡಪ್ಪ ಸುಳ್ಳು ಹೇಳಿದ ಎಂದು ಅದರಲ್ಲಿಲ್ಲ. ಖರೇ ಹೇಳಿದ ಎಂದೂ ಇಲ್ಲ. ತೀರಿಕೊಂಡಿದ್ದಾನೆ ಎಂದಷ್ಟೇ ಇದೆ.