ಹಸಿದ ಕೌದಿ

ಮೊಮ್ಮಗಳ ಫೋನಿನಲ್ಲಿ ತಾಯಂದಿರದೊಂದು ಗುಂಪಿದೆ. ದಿಢೀರ್ ಅಡುಗೆ, ಮನೆಯಲ್ಲೇ ಕೂತು ಮಾಡುವ ಕೆಲಸ, ಬರೀ ಅದೇ ಮಾತು. ಇವತ್ತು ಅದನ್ನು ನೋಡಿ ಮುಟಗಿ ಮಾಡಿದಳು. ಬೆಳ್ಳುಳ್ಳಿ ವಾಸನೆ ಬಂದದ್ದೇ ತಡ, ನಾನು ಮತ್ತೆ ಹುಡುಗಿಯಾಗಿ ದುಂಡಸಿಯ ನಮ್ಮ ಹಳೆ ಮನೆಯ ಪಡಸಾಲೆಯಲ್ಲಿದ್ದೆ.

ಅದು ಲಡಾಯಿ ಕಾಲ, ಎರಡನೇ ಮಹಾಯುದ್ಧ; ಹೊಸ ಬಟ್ಟೆ ಸಿಗುತ್ತಿರಲಿಲ್ಲ. ಜನ ತಂದ ಹಳೆ ಸೀರೆಗಳಿಂದ ಅವ್ವ ಹೊದೆಯುವ ಕೌದಿ ಹೊಲಿದುಕೊಡುತ್ತಿದ್ದಳು. ಆ ಕೆಲಸ ಕಲಿಸಿದವಳು ನೆರೆಮನೆಯ ಬೀಬವ್ವ. ಅಡುಗೆಗಾಗಿ ಹೊಲಿಗೆ ನಿಲ್ಲದಿರಲೆಂದು ಮುಟಗಿ ಹೇಳಿಕೊಟ್ಟವಳೂ ಅವಳೇ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿ ಉಂಡೆ ಕಟ್ಟಿದರೆ ಮಕ್ಕಳ ಊಟ ಮುಗಿಯಿತು.

ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು. ಕೊನೆಯ ಹೊಲಿಗೆಗೆ ಮೊದಲು ಒಳಗೊಂದು ಚೂರು ರೊಟ್ಟಿ ಇಡುವುದು ನಮ್ಮಲ್ಲಿ ಪದ್ಧತಿ. ಅವತ್ತು ಬಂಕಾಪುರದ ಮದುಮಗಳ ಕೌದಿ. ಒಯ್ಯಲು ಅವಳ ಅಜ್ಜಿ ಬಂದು ಕೂತಿದ್ದಾಳೆ, ಮನೆಯ ರೊಟ್ಟಿಯೆಲ್ಲ ಮುಟಗಿಯಾಗಿ ಹೋಗಿದೆ. ಅವ್ವ ನನ್ನ ಕೈಯಲ್ಲಿದ್ದ ಮುಟಗಿ ನೋಡಿದಳು.

"ಕೊಡವಾ, ಕೌದಿ ಹಸದೈತಿ."

"ನಾನೂ ಹಸದೇನಿ!"

ನನ್ನ ಮುಟಗಿ ಒಳಗೆ ಹೋಯಿತು. ಕೆಂಪು ಎಣ್ಣೆ ಹೊರಗೆ ಇಣುಕಿತು. ಅಜ್ಜಿ ಮೂಸಿ ನೋಡಿದಳು. ಅವ್ವ ಸೆರಗಿನಿಂದ ಕಲೆ ಒರೆಸಹೋದಳು.

"ಎಲ್ಲಾರೂ ಒಣಾ ರೊಟ್ಟಿ ಇಡ್ತಾರ. ನೀ ಎಣ್ಣಿ ಹಾಕಿ ಉಣಿಸಿದಿ ನೋಡವಾ" ಎಂದ ಅಜ್ಜಿ, ನಗುತ್ತ ಕೌದಿ ಹೆಗಲಿಗೇರಿಸಿ ಹೋದಳು.

ಇದನ್ನೆಲ್ಲ ಕೇಳಿದ ಮೊಮ್ಮಗಳು ಈಗ ಸೂಜಿ ತಂದು ಪಕ್ಕಕ್ಕೆ ಕೂತಳು. "ಅಜ್ಜಿ, ನನಗ ಕೌದಿ ಹೊಲಿಯೂದು ಕಲಸ್ತೀಯೇನ?"

"ಕಲಸ್ತೇನಿ, ತಡಿ" ಎಂದೆ. "ಮೊದ್ಲ ಈ ಮುಟಗಿ ಮುಗೀಲಿ, ಇಲ್ಲಾಂದ್ರ ಇದೂ ಕೌದಿ ಪಾಲಾಗತೈತಿ."