ನನ್ನ ನಿದ್ದೆಗಣ್ಣು

ನನ್ನ ರೆಪ್ಪೆಗಳು ಹುಟ್ಟಿನಿಂದಲೇ ಅರ್ಧ ಇಳಿಬಿದ್ದಿವೆ. ಎಷ್ಟೇ ಎಚ್ಚರವಾಗಿದ್ದರೂ ನೋಡುವವರಿಗೆ ನಿದ್ದೆಗಣ್ಣು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಲ್ಯಾಬ್ ಕೆಲಸದ ಸಂದರ್ಶನಕ್ಕೆ ಹೋದಾಗ ಮ್ಯಾನೇಜರ್ ನನ್ನ ಮುಖವನ್ನೇ ದಿಟ್ಟಿಸಿದರು.

"ಕಣ್ಣು ನೋಡಿದ್ರೆ ಸಾಕಮ್ಮ, ತಲೆ ಎಷ್ಟು ಓಡುತ್ತೆ ಅಂತ ನಂಗೆ ಗೊತ್ತಾಗ್ಬಿಡುತ್ತೆ. ನೀನಿನ್ನು ಹೊರಡು."

ನಾನು ಏಳಲಿಲ್ಲ.

"ಸಾರ್, ಬನ್ನೂರಿಂದ ಬಂದಿದ್ದೀನಿ. ಕೆಲಸದ ಬಗ್ಗೆ ಕೇಳಿ. ತಪ್ಪು ಹೇಳಿದ್ರೆ ನಾನೇ ಎದ್ದೋಯ್ತೀನಿ."

"ಮುಂದಿನವರನ್ನ ಕರೀಬೇಕು, ಏಳಮ್ಮ."

"ಕೇಳೋವರ್ಗೂ ಏಳಲ್ಲ ಸಾರ್."

ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಸಿಡುಕುತ್ತಲೇ ಕೇಳತೊಡಗಿದರು. ನನಗೂ ರೇಗಿತ್ತು. ಅರ್ಧ ಮುಚ್ಚಿದ ಕಣ್ಣನ್ನು ಪೂರ್ತಿಯೇ ಮುಚ್ಚಿಕೊಂಡು ಒಂದೊಂದಕ್ಕೂ ಉತ್ತರ ಹೇಳಿದೆ. ಪ್ರಶ್ನೆಗಳು ನಿಂತ ಮೇಲೆ ಕಣ್ಣು ಬಿಟ್ಟರೆ, ಅವರು ತಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಕೆಲಸ ಸಿಕ್ಕಿತು.

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ, ಈಗ ಲ್ಯಾಬ್ ನೋಡಿಕೊಳ್ಳುವ ನನ್ನತ್ತ ಕೈ ತೋರಿಸಿ, "ಈಯಮ್ಮನ್ನ ಆರಿಸಿದ್ದು ನಾನೇ ಕಣ್ರೀ. ಬಂದ ದಿನವೇ ಕಣ್ಣಲ್ಲಿ ಬುದ್ಧಿ ಫಳಫಳ ಹೊಳೀತಿತ್ತು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿ ನನ್ನ ಕಡೆ ತಿರುಗಿದರು.

ಪಕ್ಕದಲ್ಲಿ ಕೂತಿದ್ದ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ ಮೆಲ್ಲಗೆ ನನ್ನ ಭುಜ ಅಲುಗಿಸಿದಳು: "ನಿದ್ದೆ ಮಾಡ್ಬೇಡಿ ಮೇಡಂ, ನಿಮ್ ಬಗ್ಗೆನೇ ಮಾತಾಡ್ತಾವ್ರೆ."