ನೀಲಿ ಡಬ್ಬಿಯ ಮಹಾನಂದಾ ಅಕ್ಕ

ಮಹಾನಂದಾ ಅಕ್ಕ ಬಸ್ಸಿನಲ್ಲಿ ಕೂತಳೆಂದರೆ ಮಡಿಲಲ್ಲಿ ಒಂದು ನೀಲಿ ಡಬ್ಬಿ ಇರಲೇಬೇಕು. ಲಸಿಕೆ ಒಯ್ಯಲು ನರ್ಸಮ್ಮಗಳು ಹೆಗಲಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಒಳಗೆ ಸುತ್ತಲೂ ಐಸಿನ ಪೊಟ್ಟಣ, ನಡುವೆ ಸಣ್ಣ ಬಾಟಲಿಗಳು. ಬಸ್ಸು ಎಷ್ಟೇ ತುಂಬಿರಲಿ, ಅದನ್ನು ಮೇಲೂ ಇಡುತ್ತಿರಲಿಲ್ಲ, ಕಾಲ ಬಳಿಯೂ ಇಡುತ್ತಿರಲಿಲ್ಲ.

"ಮ್ಯಾಲೆ ಇಡ್ರಿ ಮೇಡಂ, ಅಡ್ಡ ಆಗ್ಲತದ" ಎಂದು ಕಂಡಕ್ಟರ್ ಗದರಿದರೆ, "ನನ್ನ ಮಗಳ ಊಟ ಅದರಿ ಇದು. ನಿಮ್ಮ ಊಟದ ಡಬ್ಬಿ ಬೇಕಾದ್ರ ಮ್ಯಾಲೆ ಇಡ್ರಿ" ಎನ್ನುತ್ತಿದ್ದಳು.

ದಾರಿಯಲ್ಲಿ ಹತ್ತುವ ಹೆಂಗಸರು ಅವಳನ್ನು ಪೋಲಿಯೋ ಹನಿ ಹಾಕುವವಳೆಂದೇ ತಿಳಿದಿದ್ದರು. "ಯವ್ವಾ, ನಮ್ಮ ಓಣ್ಯಾಗ ಡೋಸ್ ಯಾವಾಗ ಹಾಕ್ತೀರಿ?" ಎಂದು ಕೇಳುವರು. ಅಕ್ಕ ಮುಖ ಗಂಭೀರ ಮಾಡಿಕೊಂಡು, "ಅಂಗನವಾಡಿ ಟೀಚರಿಗಿ ಕೇಳ್ರಿ. ತಪ್ಪಿಸಬ್ಯಾಡ್ರಿ ಮತ್ತ" ಎಂದು ತಾಕೀತು ಮಾಡುವಳು. ಆಮೇಲೆ ನನ್ನ ಕಿವಿಯಲ್ಲಿ, "ಅಲ್ಲ ಅಂದ್ರ ಮತ್ತೇನದ ಅಂತಾರ. ಹೇಳಿದ್ರ ಔರಾದ ತನಕಾ ಅದೇ ಮಾತು."

ನಾವಿಬ್ಬರೂ ಚಿಂತಾಕಿಯ ಹೈಸ್ಕೂಲಿನಲ್ಲಿ ಟೀಚರು. ಅವಳು ಗಣಿತ, ನಾನು ಕನ್ನಡ. ಬೀದರಿನಲ್ಲಿ ನಮ್ಮ ಬಾಡಿಗೆ ಮನೆಗಳ ನಡುವೆ ಒಂದೇ ಗೋಡೆ. ಅವಳ ಮಗಳು ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಅಂಗೈಯಷ್ಟಿತ್ತು. ಹೆರಿಗೆಗೆ ಮುಂಚೆ ಹಾಸಿಗೆ ಹಿಡಿದು ಮಲಗಿದ್ದರಲ್ಲೇ ಅಕ್ಕನ ರಜೆ ಬಹುಪಾಲು ಮುಗಿದಿತ್ತು. ಕೂಸಿಗೆ ನಾಲ್ಕು ತಿಂಗಳಾಗುವುದರೊಳಗೆ ಶಾಲೆಗೆ ಹಾಜರಾಗಬೇಕಾಯಿತು. ಡಾಕ್ಟರು ಒಂದೇ ಮಾತು ಹೇಳಿದ್ದರು: ಆರು ತಿಂಗಳ ತನಕ ತಾಯಿಯ ಹಾಲು, ಬೇರೆ ಏನೂ ಬೇಡ.

ಶಾಲೆಯಲ್ಲಿ ಆಟದ ಸಾಮಾನಿನ ಕೋಣೆ ಅವಳ ಪಾಲಿಗೆ ಬಂತು. ವಾಲಿಬಾಲ್ ನೆಟ್ಟು, ಸೀಮೆಸುಣ್ಣದ ಡಬ್ಬಗಳ ನಡುವೆ ಒಂದು ಕುರ್ಚಿ, ಎದೆಹಾಲು ಹಿಂಡಿ ತೆಗೆಯಲು ಕೈಯಲ್ಲಿ ಒತ್ತುವ ಪಂಪು. ಬಾಗಿಲಿಗೆ ಚಿಲಕ ಇರಲಿಲ್ಲ, ಆದ್ದರಿಂದ ನಾನೇ ಚಿಲಕ. ಯಾರಾದರೂ ಬಂದರೆ "ಅಕ್ಕೋರು ಮೀಟಿಂಗಿನಾಗ ಇದ್ದಾರ" ಎನ್ನಬೇಕು. ಹಾಗೆನ್ನಲು ಹೇಳಿಕೊಟ್ಟವರು ಹೆಡ್‌ಮಾಸ್ತರರೇ, ನೆಲ ನೋಡುತ್ತ. ಒಳಗಿನಿಂದ ಅಕ್ಕ ನಗುವಳು. "ಎಮ್ಮಿ ಹಿಂಡಿದ್ರ ಊರೆಲ್ಲ ನಿಂತು ನೋಡ್ತದ. ನಾ ಹಿಂಡಿದ್ರ ಮೀಟಿಂಗು!"

ಸಂಜೆ ಮನೆಗೆ ಹೋದವಳೇ ಬಾಟಲಿಗಳನ್ನು ಫ್ರಿಜ್ಜಿಗೆ ಸೇರಿಸುವಳು. ಮರುದಿನ ಅದನ್ನು ಕುಡಿಸುವ ಕೆಲಸ ಅತ್ತೆ ಗುರಮ್ಮನವರದು. ಕಮಠಾಣದ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಹೆಂಗಸು, ಹಣೆಯ ತುಂಬ ವಿಭೂತಿ, ಮೊಮ್ಮಗಳೆಂದರೆ ಜೀವ. "ಬಿಸಿನೀರಾಗ ಬಾಟಲಿ ಇಡ್ರಿ ಅತ್ತಿ, ಒಲಿ ಮ್ಯಾಲೆ ಕಾಸಬ್ಯಾಡ್ರಿ" ಎಂದು ಅಕ್ಕ ದಿನವೂ ಹೇಳುವಳು. "ಆಯ್ತವ್ವ, ನೀ ಹೋಗು, ಬಸ್ ತಪ್ತದ" ಎಂದು ದಿನವೂ ಅವರು ಹೇಳುವರು. ಅಕ್ಕನ ಗಂಡನಿಗೆ ಹೈದರಾಬಾದಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುವರು. ಹಗಲೆಲ್ಲ ಆ ಮನೆಯಲ್ಲಿ ಅಜ್ಜಿ, ಕೂಸು ಇಬ್ಬರೇ.

ಅವರ ಅಂಗಳದಲ್ಲಿ ಒಂದು ಮಲ್ಲಿಗೆ ಬಳ್ಳಿಯಿತ್ತು. ಬಿಸಿಲು ಏರುವ ಆ ದಿನಗಳಲ್ಲಿ ಅದು ಎಲೆಗಿಂತ ಹೆಚ್ಚು ಮೊಗ್ಗು ಬಿಟ್ಟಿತ್ತು. ಬಸ್ಸಿನಲ್ಲಿ ಅಕ್ಕ ನನ್ನ ತಲೆ ತಿರುಗಿಸಿ ಮಾಲೆ ಮುಡಿಸುವಳು. "ಈ ಸಲ ಬಳ್ಳಿಗಿ ಏನಾಗ್ಯಾದೋ ನೋಡು ತಂಗಿ, ಹರಿದಷ್ಟೂ ಬಿಡ್ಲತದ."

ಅಷ್ಟರಲ್ಲಿ ಕೂಸಿಗೆ ಭೇದಿ ಹತ್ತಿತು. ಒಂದು ದಿನ ನಿಲ್ಲುವುದು, ಮತ್ತೆ ಶುರುವಾಗುವುದು. ಅಕ್ಕ ತನ್ನ ಹಾಲನ್ನೇ ಅನುಮಾನಿಸಿದಳು. ಖಾರ ಬಿಟ್ಟಳು, ಕಡಲೆ ಬಿಟ್ಟಳು. ಪಂಪನ್ನು, ಬಾಟಲಿಗಳನ್ನು ಎರಡೆರಡು ಸಲ ಕುದಿಸಿದಳು. ನೋಡಲು ಬಂದ ನಾದಿನಿಯೊಬ್ಬಳು, "ಮಶೀನಿನ ಹಾಲು ಕುಡಿಸಿದ್ರ ಹಿಂಗೇ ಆಗ್ತದ. ನೌಕರಿ ದೊಡ್ಡದೋ, ಕೂಸು ದೊಡ್ಡದೋ?" ಎಂದು ಚುಚ್ಚಿ ಹೋದಳು. ಯಾರಿಗೂ ಉತ್ತರ ಬಾಕಿ ಇಡದ ಅಕ್ಕ ಅಂದು ಬಾಟಲಿಗಳನ್ನು ಮೂರನೆಯ ಸಲ ಕುದಿಯಲು ಇಟ್ಟಳು. ಮರುದಿನ ಬಸ್ಸಿನಲ್ಲಿ ಡಬ್ಬಿಯ ಮುಚ್ಚಳ ಸವರುತ್ತ ನನ್ನನ್ನೇ ಕೇಳಿದಳು: "ಖರೇ ಹೇಳು, ನನ್ನ ಹಾಲೇ ಕೆಟ್ಟದೇನು?"

ಆ ದಿನ ಅವಳು ಕೋಣೆಯೊಳಗಿದ್ದಾಗ ಅವಳ ಫೋನು ನನ್ನ ಕೈಯಲ್ಲಿತ್ತು. ಗುರಮ್ಮನವರ ದನಿ. "ಯವ್ವಾ, ಕೂಸು ಕಣ್ಣೇ ತೆರೀವಲ್ದು. ಅಳೂದೂ ಬಿಟ್ಟದ."

ನಾನು ಬಾಗಿಲು ತಳ್ಳಿದೆ. ಅರ್ಧ ತುಂಬಿದ ಬಾಟಲಿ ಹಿಡಿದೇ ಅಕ್ಕ ಎದ್ದಳು, ಫೋನು ಕಸಿದುಕೊಂಡಳು. "ಆಟೋ ಮಾಡ್ಕೊಂಡು ದವಾಖಾನಿಗಿ ಹೋಗ್ರಿ ಅತ್ತಿ. ಯಾರ ದಾರೀನೂ ಕಾಯಬ್ಯಾಡ್ರಿ. ನಾ ಅಲ್ಲಿಗೇ ಬರ್ತೀನಿ."

ಸಿಕ್ಕ ಜೀಪಿನಲ್ಲಿ ಔರಾದಿಗೆ ಬಂದು ಬೀದರ ಬಸ್ಸು ಹತ್ತಿದೆವು. ಆ ಬಸ್ಸಿನಿಂದ ನಾನು ಇವತ್ತಿಗೂ ಪೂರ್ತಿ ಇಳಿದಿಲ್ಲ. ಕೈ ಅಡ್ಡ ಹಿಡಿದವರಿಗೆಲ್ಲ ಅದು ನಿಲ್ಲುತ್ತಿತ್ತು. ಯಾರದೋ ಚೀಲ, ಯಾರದೋ ಚಿಲ್ಲರೆಯ ಜಗಳ. ಹಿಂದಿನ ಸೀಟಿನಲ್ಲಿ ಬೇರೊಂದು ಕೂಸು ಅಳತೊಡಗಿತು. ಅಕ್ಕನ ಎದೆ ತಾನಾಗಿ ಸೋರಿ ಕುಪ್ಪಸ ತೊಯ್ದಿತು. ಅವಳು ಸೆರಗು ಎಳೆದುಕೊಂಡು, ಅದರ ಮೇಲೆ ಡಬ್ಬಿ ಅವುಚಿ ಹಿಡಿದಳು. ನಡುದಾರಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಡಬ್ಬಿ ನೋಡಿ, "ಡೋಸ್ ಹಾಕಾಕ ಹೊಂಟೀರೇನವ್ವ?" ಎಂದಳು. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

ದವಾಖಾನೆಯಲ್ಲಿ ಕೂಸಿನ ಕಣ್ಣು ಗುಳಿ ಬಿದ್ದಿದ್ದವು. ನೆತ್ತಿ ಒಳಗಿಳಿದಿತ್ತು. ಕೈ ಎತ್ತಿ ಬಿಟ್ಟರೆ ಬಟ್ಟೆಯಂತೆ ಬೀಳುತ್ತಿತ್ತು. ಸಲೈನ್ ಸೂಜಿಗೆ ನರ ಸಿಗದೆ ನರ್ಸು ಮತ್ತೆ ಮತ್ತೆ ಚುಚ್ಚಿದರು. ಕೂಸು ಅಳಲಿಲ್ಲ. ಅದು ಅಳಲಿ ಎಂದು ನಾವೆಲ್ಲ ಕಾಯುತ್ತಿದ್ದೆವು.

"ಮೈಯಾಗಿನ ನೀರೆಲ್ಲ ಹೋಗ್ಯಾದ. ಕೂಸಿಗಿ ಏನು ಕುಡಸ್ತೀರಿ?" ಎಂದು ಡಾಕ್ಟರು ಕೇಳಿದರು.

"ನನ್ನ ಹಾಲೇ ರಿ. ಬ್ಯಾರೆ ಏನೂ ಇಲ್ಲ."

"ನೀವು ಮನ್ಯಾಗ ಇಲ್ಲದಾಗ?"

"ಆಗೂ ನನ್ನ ಹಾಲೇ ರಿ."

ಆಗ ಗೋಡೆಯ ಬಳಿಯಿಂದ ಗುರಮ್ಮನವರು ಅಂದರು: "ಎಮ್ಮಿ ಹಾಲು ಸಾಹೇಬ್ರ. ನೀರು ಬೆರಸಿ. ನಮ್ಮ ತಮ್ಮ ಮುಂಜಾನಿ ಕಮಠಾಣದಿಂದ ತಾಜಾ ತಂದು ಕೊಡ್ತಾನ."

ಅಕ್ಕ ತಿರುಗಿದಳು. "ನಾ ಇಟ್ಟಿದ್ದ ಹಾಲು?"

"ರಾತ್ರಿ ದಾಟಿದ ಹಾಲು ಕೂಸಿಗಿ ಹ್ಯಾಂಗ ಕುಡಸ್ಲಿ ಯವ್ವಾ? ನೀ ಕಷ್ಟ ಪಟ್ಟು ತರ್ತಿದ್ದಿ, ನಿನಗ ಬ್ಯಾಸರ ಆಗ್ತದಂತ ಹೇಳಲಿಲ್ಲ. ಮೋರಿಗಿ ಹಾಕಿಲ್ಲ ನೋಡು. ತಾಯಿ ಹಾಲು ಯಾರ ಕಾಲಾಗೂ ಸಿಗಬಾರದು. ದಿನಾ ಮಲ್ಲಿಗಿ ಬುಡಕ್ಕ ಹಾಕಿ, ಕೈ ಮುಗದೀನಿ."

ನನ್ನ ಕೈ ಜಡೆಗೆ ಹೋಯಿತು. ಬೆಳಿಗ್ಗೆ ಅಕ್ಕ ಮುಡಿಸಿದ ಮಾಲೆ ಅಲ್ಲೇ ಇತ್ತು.

ಅಕ್ಕ ಈಗ ಕಿರುಚುತ್ತಾಳೆ, ಕೈ ಮಾಡಿದರೂ ಮಾಡಿಯಾಳು ಎಂದು ನಾನು ಹತ್ತಿರ ಸರಿದು ನಿಂತೆ. "ಇವತ್ತ ನಾ ನಿಮಗ ಏನೂ ಅನ್ನಂಗಿಲ್ಲ ಅತ್ತಿ" ಎಂದಳು. "ಕೂಸು ಕಣ್ಣು ತೆರೀಲಿ. ಆಮ್ಯಾಲೆ ಅಂತೀನಿ."

ಹೊತ್ತು ಇಳಿಯುವಾಗ ಕೂಸು ಸಣ್ಣಗೆ, ಬೆಕ್ಕಿನ ಮರಿಯ ಹಾಗೆ ಅತ್ತಿತು. ಚೀಪುವ ಶಕ್ತಿ ಇಲ್ಲ, ಹಾಲು ಹಿಂಡಿ ಚಮಚದಲ್ಲಿ ಹನಿಹನಿಯಾಗಿ ಹಾಕಿರಿ ಎಂದರು ಡಾಕ್ಟರು. ಅಕ್ಕ ಬಟ್ಟಲಿಗೆ ಹಾಲು ಹಿಂಡಿದಳು. ಚಮಚ ತಾನು ಹಿಡಿಯಲಿಲ್ಲ.

"ಅತ್ತಿ, ಸಬಕಾರ ಹಚ್ಚಿ ಕೈ ತೊಳಕೊಂಡು ಬರ್ರಿ. ನೀವೇ ಹಾಕ್ರಿ."

"ನಾ ಒಲ್ಲೆ ಯವ್ವಾ." ಗುರಮ್ಮನವರು ಅಳುತ್ತಿದ್ದರು.

"ನಾ ಮತ್ತ ಸಾಲಿಗಿ ಹೋಗಬೇಕು. ಹಾಕೋರು ನೀವೇ. ಇವತ್ತ ಕಲೀರಿ."

ಅದು ಕ್ಷಮೆಯೋ ಏನೋ ನನಗೆ ತಿಳಿಯದು. ಅವಳ ದನಿಯಲ್ಲಿ ಕ್ಷಮೆ ಇರಲಿಲ್ಲ. ಗುರಮ್ಮನವರ ಮೊದಲ ಚಮಚ ಕೂಸಿನ ಕೊರಳಿಗೆ ಚೆಲ್ಲಿತು. ಎರಡನೆಯದನ್ನು ಕೂಸು ನುಂಗಿತು. ಆಗ ಅಕ್ಕ ವರಾಂಡಕ್ಕೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಳು.

ಮುಂದಿನ ವರ್ಷ ಅವಳಿಗೆ ಭಾಲ್ಕಿಗೆ ವರ್ಗವಾಯಿತು. ಬೀಳ್ಕೊಡಲು ನಾನು ಬೀದರ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕಿಟಕಿಯ ಬಳಿ ಅಕ್ಕ, ಮಡಿಲಲ್ಲಿ ಅದೇ ಡಬ್ಬಿ. ಪಕ್ಕದಲ್ಲಿ ಗುರಮ್ಮನವರು, ಅವರ ತೊಡೆಯ ಮೇಲೆ ಬಿಸ್ಕೀಟು ಕಡಿಯುತ್ತ ಮಗಳು.

"ಈಗ್ಯಾಕ ಅಕ್ಕಾ ಡಬ್ಬಿ?"

"ಖಾಲಿ ಅದ. ಮ್ಯಾಲೆ ಇಡಾಕ ಕೈ ಏಳವಲ್ದು."

ನಾನು ತಗ್ಗಿದ ದನಿಯಲ್ಲಿ ಕೇಳಿದೆ, "ದವಾಖಾನ್ಯಾಗ ಆಮ್ಯಾಲೆ ಅಂತೀನಿ ಅಂದಿದ್ರಿ. ಅಂದೀರೇನು?"

ಅಕ್ಕ ಅತ್ತೆಯ ಕಡೆ ನೋಡಿದಳು. "ಇನ್ನೂ ಇಲ್ಲ."

ಹಿಂದಿನ ಸೀಟಿನ ಹೆಂಗಸು ಬಗ್ಗಿ, "ಡೋಸಿನ ಡಬ್ಬಿ ಏನ್ರಿ?" ಎಂದು ಕೇಳಿದಳು. ಅಕ್ಕ ಬಾಯಿ ತೆರೆಯುವ ಮೊದಲೇ ಗುರಮ್ಮನವರು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: "ಡೋಸ್ ಅಲ್ಲವ್ವ. ತಾಯಿ ಹಾಲಿನ ಡಬ್ಬಿ. ಥಂಡಿ ಇಟ್ರ ರಾತ್ರಿ ದಾಟಿದ್ರೂ ಕೆಡಂಗಿಲ್ಲ."

ಬಸ್ಸು ಹೊರಟಿತು. ಈಗ ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಬಳ್ಳಿ ಗೋಡೆ ದಾಟಿ ನಮ್ಮ ಅಂಗಳಕ್ಕೆ ಇಳಿದಿದೆ. ಮೊಗ್ಗು ಕೈಗೆಟುಕುವಷ್ಟು ಹತ್ತಿರ. ಬೆಳಿಗ್ಗೆ ಚಿಂತಾಕಿಗೆ ಹೊರಡುವಾಗ ನಾನು ಒಂದನ್ನೂ ಹರಿಯದೆ ಅದರ ಕೆಳಗೆ ತಲೆ ತಗ್ಗಿಸಿ ಹಾದು ಹೋಗುತ್ತೇನೆ.